ಒಂದು ಅರಮನೆಗಾಗಿ ಅಳಿದ ಇನ್ನೊಂದು ಅರಮನೆ

ಬರ್ಲಿನ್‌ನಲ್ಲಿರುವ ಜರ್ಮನಿಯ ಸಂಸತ್ ಭವನ ರೈಶ್‌ಸ್ಟಾಗ್‌ನ ಒಳಗೋಡೆಗಳ ಮೇಲೆ ಇವತ್ತಿಗೂ ರಷ್ಯನ್ ಲಿಪಿಯ ಗೀಚುಬರಹಗಳಿವೆ. 1945ರ ಮೇ ತಿಂಗಳಲ್ಲಿ ನಗರವನ್ನು ಗೆದ್ದ ಸೋವಿಯತ್ ಸೈನಿಕರು ಇದ್ದಿಲಿನಲ್ಲಿ, ಸೀಮೆಸುಣ್ಣದಲ್ಲಿ ತಮ್ಮ ಹೆಸರು, ಊರು, ತಾರೀಕು ಬರೆದು ಹೋಗಿದ್ದರು. ಮುಂದೆ ಅವುಗಳ ಮೇಲೆ ಹಲಗೆಗಳು ಬಂದವು. 1990ರ ದಶಕದಲ್ಲಿ ಬ್ರಿಟಿಷ್ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಕಟ್ಟಡವನ್ನು ನವೀಕರಿಸುವಾಗ ಬರಹಗಳು ಮತ್ತೆ ಬೆಳಕಿಗೆ ಬಂದವು. ಅಶ್ಲೀಲವಾದವನ್ನಷ್ಟೇ ತೆಗೆದು ಉಳಿದವನ್ನು ಹಾಗೇ ಬಿಡಲಾಯಿತು. ಇನ್ನಷ್ಟು ಅಳಿಸಬೇಕೆಂಬ ಒತ್ತಾಯ ಆಮೇಲೂ ಬಂತು, ಸಂಸತ್ತು ಒಪ್ಪಲಿಲ್ಲ. ಹೀಗಾಗಿ ಜರ್ಮನಿಯ ಸಂಸದರು ತಮ್ಮ ದೇಶವನ್ನು ಸೋಲಿಸಿದವರ ಕೈಬರಹವನ್ನು ನೋಡುತ್ತಲೇ ಕಲಾಪಕ್ಕೆ ನಡೆದುಹೋಗುತ್ತಾರೆ. ಇದಕ್ಕಿಂತ ದೊಡ್ಡ ನಾಗರಿಕ ಧೈರ್ಯವನ್ನು ಯಾವ ರಾಜಧಾನಿಯ ಕಟ್ಟಡದಲ್ಲೂ ನಾನು ಕಂಡಿಲ್ಲ.

ಇದೇ ಸಂಸತ್ತು 2002ರ ಜುಲೈ 4ರಂದು ದೊಡ್ಡ ಬಹುಮತದಿಂದ ಮಾಡಿದ ಇನ್ನೊಂದು ತೀರ್ಮಾನ ಈ ಧೈರ್ಯಕ್ಕೆ ತೀರಾ ವಿರುದ್ಧವಾಗಿತ್ತು. ನಗರದ ನಡುಮಧ್ಯೆ, ಸ್ಪ್ರೇ ನದಿಯ ದಂಡೆಯಲ್ಲಿ ಹಿಂದೊಮ್ಮೆ ಇದ್ದ ಪ್ರಶಿಯಾ ರಾಜರ ಅರಮನೆಯ ಮುಖವನ್ನು ಮತ್ತೆ ಕಟ್ಟಬೇಕೆಂಬುದು ಆ ತೀರ್ಮಾನ. ಆದರೆ ಆ ಜಾಗದಲ್ಲಿ ಆಗ ಬೇರೊಂದು ಕಟ್ಟಡವಿತ್ತು.

ಮೂಲ ಅರಮನೆಗೆ 15ನೇ ಶತಮಾನದಲ್ಲಿ ಬುನಾದಿ ಬಿತ್ತು. 1700ರ ಆಸುಪಾಸಿನಲ್ಲಿ ಆಂಡ್ರಿಯಾಸ್ ಶ್ಲ್ಯೂಟರ್ ಅದಕ್ಕೆ ಬರೋಕ್ ಶೈಲಿಯ ವೈಭವ ಕೊಟ್ಟ. 1945ರ ಫೆಬ್ರುವರಿಯ ಬಾಂಬ್ ದಾಳಿಯಲ್ಲಿ ಅದು ಹೊತ್ತಿ ಉರಿದರೂ ಗೋಡೆಗಳು ನಿಂತಿದ್ದವು, ದುರಸ್ತಿಯೂ ಸಾಧ್ಯವಿತ್ತು. ಪೂರ್ವ ಜರ್ಮನಿಯ ನಾಯಕ ವಾಲ್ಟರ್ ಉಲ್‌ಬ್ರಿಖ್ಟ್ 1950ರಲ್ಲಿ ಅದನ್ನು ಸಿಡಿಮದ್ದಿಟ್ಟು ಕೆಡವಿಸಿದ. ಒಂದು ಮಹಾದ್ವಾರವನ್ನು ಮಾತ್ರ ಉಳಿಸಿ ಪಕ್ಕದ ಸರ್ಕಾರಿ ಕಟ್ಟಡಕ್ಕೆ ಸೇರಿಸಿಕೊಂಡರು. 1918ರ ನವೆಂಬರ್ 9ರಂದು ಕಾರ್ಲ್ ಲೀಬ್‌ಕ್ನೆಕ್ಟ್ ಸಮಾಜವಾದಿ ಗಣರಾಜ್ಯವನ್ನು ಘೋಷಿಸಿದ್ದು ಅಲ್ಲಿಂದಲೇ ಎಂಬುದು ಅದಕ್ಕೆ ಕಾರಣ. ತನಗೆ ಬೇಕಾದ ಇತಿಹಾಸವನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಪುಡಿ ಮಾಡಿದ ಆ ಕೆಲಸವನ್ನು ಯಾವ ವಾದವೂ ಸಮರ್ಥಿಸಲಾರದು.

ಬಹುಕಾಲ ಖಾಲಿ ಬಿದ್ದಿದ್ದ ಆ ಜಾಗದಲ್ಲಿ 1976ರಲ್ಲಿ ‘ಗಣರಾಜ್ಯದ ಅರಮನೆ’ ತೆರೆಯಿತು. ಕಂಚಿನ ಬಣ್ಣದ ಕನ್ನಡಿ ಗಾಜು ಹೊದ್ದ ಉದ್ದನೆಯ ಕಟ್ಟಡ. ಒಂದು ಕಡೆ ಪೂರ್ವ ಜರ್ಮನಿಯ ಶಾಸನಸಭೆ, ಇನ್ನೊಂದು ಕಡೆ 5 ಸಾವಿರ ಜನ ಕೂರಬಹುದಾದ ಸಭಾಂಗಣ. ನಡುವೆ ರೆಸ್ಟೋರೆಂಟ್‌ಗಳು, ಬೌಲಿಂಗ್ ಆಡುವ ಜಾಗ, ಅಂಚೆ ಕಚೇರಿ. ಮೊಗಸಾಲೆಯ ಚಾವಣಿಯಿಂದ ತೂಗುತ್ತಿದ್ದ ಗುಂಡು ದೀಪಗಳನ್ನು ಕಂಡು ಜನ ಅದನ್ನು, ದೇಶದ ನಾಯಕ ಎರಿಕ್ ಹೊನೆಕರ್ ಹೆಸರಿನಲ್ಲಿ, ‘ಎರಿಕ್‌ನ ದೀಪದಂಗಡಿ’ ಎಂದು ಕರೆಯುತ್ತಿದ್ದರು. ಆ ಶಾಸನಸಭೆ ಬಹುಕಾಲ ಪಕ್ಷ ಹೇಳಿದ್ದಕ್ಕೆಲ್ಲ ಕೈ ಎತ್ತಿತು, ನಿಜ. ಆದರೆ ಸಾಮಾನ್ಯರು ಊಟಕ್ಕೆ, ಕುಣಿತಕ್ಕೆ, ಸಂಗೀತಕ್ಕೆ ಒಳಗೆ ಬರುತ್ತಿದ್ದರು. ರಾಜರ ಅರಮನೆಯಲ್ಲಿ ಅವರ ಅಜ್ಜ ಅಜ್ಜಿಯರಿಗೆ ಅಂಥ ಪ್ರವೇಶ ಇರಲಿಲ್ಲ.

1990ರ ಮಾರ್ಚ್‌ನಲ್ಲಿ ಮುಕ್ತ ಚುನಾವಣೆಯಿಂದ ಆಯ್ಕೆಯಾದ ಹೊಸ ಶಾಸನಸಭೆಯೂ ಅಲ್ಲೇ ಸೇರಿತು. ಆಗಸ್ಟ್ 23ರಂದು ಅದೇ ಕಟ್ಟಡದಲ್ಲಿ ಅದು ಪಶ್ಚಿಮ ಜರ್ಮನಿಯೊಂದಿಗೆ ವಿಲೀನಗೊಳ್ಳಲು ಮತ ಹಾಕಿತು. ಜರ್ಮನಿಯ ಏಕೀಕರಣಕ್ಕೆ ಪೂರ್ವದವರ ಒಪ್ಪಿಗೆಯ ಮುದ್ರೆ ಬಿದ್ದದ್ದು ಅಲ್ಲಿ. ನನ್ನ ದೃಷ್ಟಿಯಲ್ಲಿ, ಬೇರೆ ಯಾವ ಕಾರಣ ಇಲ್ಲದಿದ್ದರೂ ಆ ಕಟ್ಟಡವನ್ನು ಉಳಿಸಲು ಇದೊಂದೇ ಸಾಕಿತ್ತು. ಒಂದು ತಿಂಗಳೊಳಗೆ ಕಲ್ನಾರಿನ ಅಪಾಯದ ಕಾರಣಕ್ಕೆ ಅದರ ಬಾಗಿಲು ಮುಚ್ಚಿತು.

ಕಲ್ನಾರು ಇದ್ದದ್ದು ಸುಳ್ಳಲ್ಲ. ಆದರೆ 1998ರಿಂದ 2003ರವರೆಗೆ ವಿಪರೀತ ಖರ್ಚು ಮಾಡಿ ಅದನ್ನು ತೆಗೆಯಲಾಯಿತು. ಉಳಿದ ಉಕ್ಕಿನ ಹಂದರದಲ್ಲಿ ಕಲಾವಿದರು ನಾಟಕ, ಪ್ರದರ್ಶನ ನಡೆಸಿದರು. ಒಬ್ಬ ಕಲಾವಿದ ಚಾವಣಿಯ ಮೇಲೆ ‘ಸಂದೇಹ’ ಎಂಬ ಪದವನ್ನು ಭಾರಿ ದೀಪಾಕ್ಷರಗಳಲ್ಲಿ ನಿಲ್ಲಿಸಿದ. ವಿಷ ತೆಗೆದು ಆರೋಗ್ಯಕರ ಮಾಡಿದ ಮೇಲೆ, 2006ರಿಂದ 2008ರ ನಡುವೆ, ಕಟ್ಟಡವನ್ನು ಕೆಡವಿದರು. ಗಣರಾಜ್ಯದ ಅರಮನೆ ತೆರೆದ ಕಾಲದ ಆಸುಪಾಸಿನಲ್ಲೇ, 1979ರಲ್ಲಿ, ಪಶ್ಚಿಮ ಬರ್ಲಿನ್‌ನಲ್ಲಿ ತೆರೆದ ಅಂತರರಾಷ್ಟ್ರೀಯ ಸಮಾವೇಶ ಕೇಂದ್ರದಲ್ಲೂ ಕಲ್ನಾರು ಇತ್ತು. ಅದು 2014ರವರೆಗೆ ಬಳಕೆಯಲ್ಲಿತ್ತು, ಈಗ ಸಂರಕ್ಷಿತ ಸ್ಮಾರಕ. ಈ ವ್ಯತ್ಯಾಸ ಪೂರ್ವದವರ ಕಣ್ಣಿಗೆ ಬೀಳದೆ ಇರುತ್ತದೆಯೇ? ಏಕೀಕರಣ ಎಂದರೆ ತಮ್ಮ ಬದುಕಿನ 40 ವರ್ಷಗಳನ್ನು ಅಳಿಸುವುದು ಎಂಬ ಅವರ ನೋವಿಗೆ ಈ ನೆಲಸಮ ಸಾಕ್ಷಿ ಒದಗಿಸಿತು.

ಅರಮನೆ ಬೇಕೆಂದವರ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಉಂಟರ್ ಡೆನ್ ಲಿಂಡೆನ್ ಬೀದಿ, ಎದುರಿನ ಉದ್ಯಾನ, ಅದರಾಚೆ ವಾಸ್ತುಶಿಲ್ಪಿ ಶಿಂಕೆಲ್ ಕಟ್ಟಿದ ವಸ್ತುಸಂಗ್ರಹಾಲಯ, ಇವೆಲ್ಲ ಅರಮನೆಯ ಅಳತೆಗೆ ತಕ್ಕಂತೆ ರೂಪುಗೊಂಡವು. ಅದಿಲ್ಲದೆ ನಡುಪೇಟೆಯ ನಕ್ಷೆಯೇ ಅರ್ಥವಾಗುತ್ತಿರಲಿಲ್ಲ. ಪೋಲೆಂಡಿನ ವಾರ್ಸಾದಲ್ಲಿ ಹಳೆಯ ಪೇಟೆಯನ್ನು ಮರಳಿ ಕಟ್ಟಲಿಲ್ಲವೇ ಎಂದೂ ಅವರು ಕೇಳುತ್ತಾರೆ. ಕಟ್ಟಿದರು, ಅದನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿಸಿತು. ಆದರೆ ವಾರ್ಸಾದ ಜನ ನಾಜಿಗಳು ಬೇಕೆಂದೇ ಉರುಳಿಸಿದ ತಮ್ಮ ಮನೆಗಳನ್ನು ಕಲ್ಲುಮಣ್ಣಿನ ರಾಶಿಯ ಮೇಲೆ ಎಬ್ಬಿಸಿದರು. ಇನ್ನೊಬ್ಬರ ನೆನಪಿನ ಕಟ್ಟಡವನ್ನು ಅದಕ್ಕಾಗಿ ಕೆಡವಬೇಕಾಗಿ ಬರಲಿಲ್ಲ.

ಇಟಲಿಯ ಫ್ರಾಂಕೊ ಸ್ಟೆಲ್ಲಾ ವಿನ್ಯಾಸದ ಹೊಸ ಅರಮನೆ ‘ಹಂಬೋಲ್ಟ್ ಫೋರಂ’ ಎಂಬ ಹೆಸರಿನಲ್ಲಿ 2021ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಖರ್ಚು ಸುಮಾರು 68 ಕೋಟಿ ಯೂರೊ. ಮೂರು ಬದಿಗೆ ಬರೋಕ್ ಕೆತ್ತನೆಯ ಮುಖ, ನದಿಯ ಕಡೆಗೆ ಬರೀ ಕಾಂಕ್ರೀಟಿನ ಚೌಕಟ್ಟು. ಶಿಲ್ಪಿಗಳ ಕೈಕೆಲಸ ನಿಜಕ್ಕೂ ಮೇಲ್ಮಟ್ಟದ್ದು. ತೊಡಕಿರುವುದು ಗುಮ್ಮಟದಲ್ಲಿ. 1848ರ ಜನಕ್ರಾಂತಿಯನ್ನು ಹತ್ತಿಕ್ಕಿದ, ಚುನಾಯಿತ ಸಭೆ ನೀಡಬಂದ ಕಿರೀಟವನ್ನು ಮರುವರ್ಷ ತಿರಸ್ಕರಿಸಿದ ರಾಜ ನಾಲ್ಕನೇ ಫ್ರೆಡರಿಕ್ ವಿಲಿಯಂ ಹಾಕಿಸಿದ್ದ ಶಿಲುಬೆ ಮತ್ತು ಚಿನ್ನದ ಅಕ್ಷರಗಳ ಸಾಲು ಮತ್ತೆ ಅಲ್ಲಿ ಏರಿವೆ. ಕ್ರಿಸ್ತನ ಹೊರತು ಬೇರೆಲ್ಲೂ ಮುಕ್ತಿಯಿಲ್ಲ, ಎಲ್ಲರೂ ಆತನಿಗೆ ಮಂಡಿಯೂರಬೇಕು ಎಂಬುದು ಅದರ ಸಾರ. ಅದರ ಕೆಳಗಿರುವುದು ಏಷ್ಯಾ, ಆಫ್ರಿಕಾಗಳಿಂದ ತಂದ ವಸ್ತುಗಳ ಸಂಗ್ರಹ. ಬ್ರಿಟಿಷ್ ಸೇನೆ 1897ರಲ್ಲಿ ಬೆನಿನ್‌ನಿಂದ ದೋಚಿದ್ದ ಕಂಚಿನ ಶಿಲ್ಪಗಳೂ ಅದರಲ್ಲಿದ್ದವು. ಬರ್ಲಿನ್ ಸಂಗ್ರಹದ ಬೆನಿನ್ ವಸ್ತುಗಳ ಒಡೆತನವನ್ನು 2022ರಲ್ಲಿ ನೈಜೀರಿಯಾಕ್ಕೆ ಬಿಟ್ಟುಕೊಟ್ಟದ್ದು ನಿಜವಾದ ಸಾಧನೆ. ಹೊರಗೆ ಸಾಂಚಿಯ ಮಹಾಸ್ತೂಪದ ಪೂರ್ವ ತೋರಣದ ಕಲ್ಲಿನ ಪ್ರತಿಕೃತಿ ನಿಂತಿದೆ. ಬುದ್ಧನ ಕಥೆಗಳ ಕೆತ್ತನೆಯ ಕಂಬಗಳು, ಅವುಗಳ ಹಿಂದೆಯೇ ಆ ಗುಮ್ಮಟ. ಭಾರತದಿಂದ ಹೋದವರು ತೋರಣದ ಕೆಳಗೆ ಫೋಟೊ ತೆಗೆಸಿಕೊಳ್ಳುವಾಗ ತಲೆ ಎತ್ತಿ ಆ ಅಕ್ಷರಗಳನ್ನೂ ನೋಡಬೇಕು.

ಕೆಡವದೆಯೂ ಹೊಸದನ್ನು ಕಟ್ಟಬಹುದೆಂದು ಈ ನಗರವೇ ತೋರಿಸಿತ್ತು. 1943ರಲ್ಲಿ ಬಾಂಬಿಗೆ ತುತ್ತಾದ ಕೈಸರ್ ವಿಲ್ಹೆಲ್ಮ್ ಸ್ಮಾರಕ ಚರ್ಚಿನ ಅವಶೇಷವನ್ನು ನೆಲಸಮ ಮಾಡಿ ಹೊಸ ಚರ್ಚು ಕಟ್ಟಲು 1950ರ ದಶಕದಲ್ಲಿ ವಾಸ್ತುಶಿಲ್ಪಿ ಎಗೊನ್ ಐಯರ್‌ಮನ್ ಮುಂದಾದ. ಪಶ್ಚಿಮ ಬರ್ಲಿನ್‌ನ ಜನ ತಿರುಗಿಬಿದ್ದರು. ಆತ ಮಣಿದ, ಮಣಿದದ್ದರಿಂದಲೇ ಗೆದ್ದ. ಮುರಿದ ಗೋಪುರದ ಬದಿಯಲ್ಲಿ 1961ರಲ್ಲಿ ನೀಲಿ ಗಾಜಿನ ಎಂಟು ಮೂಲೆಯ ಚರ್ಚು ಎದ್ದಿತು. ಒಳಗೆ ಕುಳಿತರೆ ಸುತ್ತಲೂ ನೀಲಿ ಬೆಳಕು, ಹೊರಗೆ ಬಂದರೆ ತಲೆಯಿಲ್ಲದ ಗೋಪುರ. ಒಂದು ಇನ್ನೊಂದನ್ನು ಮರೆಮಾಚುವುದಿಲ್ಲ.

ಈಗ ಬರ್ಲಿನ್‌ನ ಮುಂದೆ ಇಂಥದೇ ಇನ್ನೊಂದು ಪ್ರಶ್ನೆ ಇದೆ. ಅರಮನೆಯ ಹತ್ತಿರದಲ್ಲೇ ಶಿಂಕೆಲ್ 1830ರ ದಶಕದಲ್ಲಿ ಕಟ್ಟಿದ್ದ ಕೆಂಪು ಇಟ್ಟಿಗೆಯ ಕಟ್ಟಡಕಲಾ ಅಕಾಡೆಮಿ ಇತ್ತು. ಪೂರ್ವ ಜರ್ಮನಿ 1962ರಲ್ಲಿ ಅದನ್ನು ಕೆಡವಿ ವಿದೇಶಾಂಗ ಸಚಿವಾಲಯ ಕಟ್ಟಿತು. ಏಕೀಕೃತ ಜರ್ಮನಿ 1990ರ ದಶಕದಲ್ಲಿ ಆ ಸಚಿವಾಲಯವನ್ನು ಕೆಡವಿತು. ಅಕಾಡೆಮಿಯನ್ನು ಮರಳಿ ಕಟ್ಟಲು 2016ರಲ್ಲಿ ಸಂಸತ್ತು 6.2 ಕೋಟಿ ಯೂರೊ ಮಂಜೂರು ಮಾಡಿತು. ಇಟ್ಟಿಗೆಗೆ ಇಟ್ಟಿಗೆ ನಕಲು ಮಾಡಬೇಕೋ, ಹೊಸ ವಿನ್ಯಾಸ ಬೇಕೋ ಎಂಬ ವಾದ ವರ್ಷಗಳಿಂದ ಎಳೆದಾಡುತ್ತಿದೆ. ಇಲ್ಲಿ ಕೆಡವಲು ಏನೂ ಉಳಿದಿಲ್ಲ, ಹಾಗಾಗಿ ಯಾರ ನೆನಪಿಗೂ ಪೆಟ್ಟು ಬೀಳದು. ಶಿಂಕೆಲ್‌ನ ಅಳತೆಯನ್ನು ಗೌರವಿಸಿ, ಉಳಿದಿರುವ ಮೂಲ ತುಣುಕುಗಳನ್ನು ಕಾಣುವಂತೆ ಕೂಡಿಸಿ, ಉಳಿದ ಗೋಡೆ ಇಂದಿನದೆಂದು ಗೊತ್ತಾಗುವಂತೆ ಕಟ್ಟಲಿ. ಸಚಿವಾಲಯದ 30 ವರ್ಷಗಳಿಗೂ ಒಳಗೆ ಒಂದು ಕೋಣೆ ಮೀಸಲಿಡಲಿ.