ಬೇರೆಯಾಗುವುದು ಖಚಿತವಾದ ಮೇಲೂ ಮಧ್ಯಸ್ಥಿಕೆ ಏಕೆ?

ವಿಚ್ಛೇದನದ ಅರ್ಜಿ ಹಾಕಿ ಒಂದೆರಡು ವಾಯಿದೆ ಕಳೆಯುವಷ್ಟರಲ್ಲಿ ನ್ಯಾಯಾಧೀಶರು ಪ್ರಕರಣವನ್ನು ಮಧ್ಯಸ್ಥಿಕೆಗೆ ಕಳುಹಿಸುವುದುಂಟು. ಅದನ್ನು ಕೇಳಿ ಅನೇಕರ, ಅದರಲ್ಲೂ ಹೆಣ್ಣುಮಕ್ಕಳ, ಮುಖ ಬಾಡುತ್ತದೆ. 'ಹೊಂದಿಕೊಂಡು ಹೋಗಮ್ಮ ಅಂತ ಮತ್ತೆ ಶುರು ಮಾಡ್ತಾರೆ' ಎಂಬ ಅಳುಕು. ಅದು ಸುಮ್ಮನೆ ಹುಟ್ಟಿದ ಅಳುಕಲ್ಲ. ಎರಡೂ ಕಡೆಯ ಹಿರಿಯರು ಮನೆಯಲ್ಲಿ ಕೂತು ನಡೆಸುವ ಪಂಚಾಯಿತಿಯಲ್ಲಿ ಎಷ್ಟೋ ಸಲ ತೀರ್ಮಾನ ಮೊದಲೇ ಆಗಿರುತ್ತದೆ. ಹುಡುಗಿಗೆ ಬುದ್ಧಿ ಹೇಳಿ ಗಂಡನ ಮನೆಗೆ ಬಿಟ್ಟುಬರುವುದಷ್ಟೇ ಬಾಕಿ. ಅಂಥ ಪಂಚಾಯಿತಿಗಳನ್ನು ದಾಟಿ ಕೋರ್ಟಿಗೆ ಬಂದವರಿಗೆ ಇನ್ನೊಂದು ಮಾತುಕತೆ ಎಂದರೆ ಸಾಕುಸಾಕಾಗಿರುತ್ತದೆ. ಆದರೂ ಬೇರೆಯಾಗಲು ಮನಸ್ಸು ಗಟ್ಟಿ ಮಾಡಿಕೊಂಡವರಿಗೇ ಈ ವ್ಯವಸ್ಥೆಯಿಂದ ಹೆಚ್ಚು ಉಪಯೋಗ ಎಂದು ನಾನು ನಂಬುತ್ತೇನೆ.

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಸಾಧ್ಯವಿರುವ ಕಡೆ ರಾಜಿಗೆ ಯತ್ನಿಸುವುದು ನ್ಯಾಯಾಲಯದ ಕರ್ತವ್ಯ. 2007ರಲ್ಲಿ ಕರ್ನಾಟಕ ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಆರಂಭವಾಯಿತು. ದಾಂಪತ್ಯದ ವ್ಯಾಜ್ಯಗಳನ್ನು ಕೆಳಗಿನ ನ್ಯಾಯಾಲಯಗಳು ಮಧ್ಯಸ್ಥಿಕೆಗೆ ಕಳುಹಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಒತ್ತಿ ಹೇಳಿತು. ಆದರೆ ರಾಜಿ ಎಂದರೆ ಮತ್ತೆ ಒಂದೇ ಸೂರಿನಡಿ ಬಾಳುವುದು ಎಂದಷ್ಟೇ ಅರ್ಥವಲ್ಲ. ಜಗಳವಿಲ್ಲದೆ ಬೇರೆಯಾಗುವ ಷರತ್ತುಗಳನ್ನು ಇಬ್ಬರೂ ಒಪ್ಪಿಕೊಂಡರೆ ಅದೂ ರಾಜಿಯೇ. ಹಾಗಾಗಿ ಮೊದಲ ದಿನವೇ 'ಒಟ್ಟಿಗೆ ಬಾಳುವ ಮಾತು ಮುಗಿದಿದೆ, ಹೇಗೆ ಬೇರೆಯಾಗಬೇಕು ಎಂಬುದನ್ನು ಮಾತಾಡೋಣ' ಎಂದು ಸ್ಪಷ್ಟವಾಗಿ ಹೇಳಿಬಿಡಿ. ಹಾಗೆ ಹೇಳುವ ಹಕ್ಕು ನಿಮಗಿದೆ.

ಅಲ್ಲಿ ಕೂರುವ ಮಧ್ಯಸ್ಥಿಕೆಗಾರರು ಸಾಮಾನ್ಯವಾಗಿ ತರಬೇತಿ ಪಡೆದ ವಕೀಲರು. ಅವರು ತೀರ್ಪು ಕೊಡುವಂತಿಲ್ಲ, ಯಾರು ಸರಿ ಯಾರು ತಪ್ಪು ಎನ್ನುವಂತಿಲ್ಲ. ಇಬ್ಬರನ್ನೂ ಎದುರುಬದುರು ಕೂರಿಸಿ ಒಮ್ಮೆ, ಆಮೇಲೆ ಒಬ್ಬೊಬ್ಬರನ್ನೇ ಕರೆದು ಮಾತಾಡಿಸುತ್ತಾರೆ. ಒಬ್ಬರೇ ಇದ್ದಾಗ ಗುಟ್ಟಾಗಿ ಹೇಳಿದ್ದನ್ನು ನಿಮ್ಮ ಒಪ್ಪಿಗೆಯಿಲ್ಲದೆ ಆ ಕಡೆಯವರಿಗೆ ತಿಳಿಸುವುದಿಲ್ಲ. ಮಾತುಕತೆ ಮುರಿದರೆ 'ರಾಜಿಯಾಗಲಿಲ್ಲ' ಎಂದಷ್ಟೇ ನ್ಯಾಯಾಲಯಕ್ಕೆ ವರದಿ ಹೋಗಬೇಕು, ಯಾರು ಏನು ಹೇಳಿದರೆಂದು ಬರೆಯಬಾರದು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಸ್ಪಷ್ಟಪಡಿಸಿದೆ. ಮಗುವನ್ನು ಯಾರು ನೋಡಿಕೊಳ್ಳಬೇಕೆಂಬ ವ್ಯಾಜ್ಯದಲ್ಲಿ ಮಾತ್ರ, ಮಗುವಿನೊಂದಿಗೆ ಮಾತಾಡಿ ಕೊಟ್ಟ ವರದಿಯನ್ನು ನ್ಯಾಯಾಲಯ ನೋಡಬಹುದು ಎಂದು 2019ರಲ್ಲಿ ಅದೇ ನ್ಯಾಯಾಲಯ ಹೇಳಿತು.

ಈ ಗೋಪ್ಯತೆಯ ಬೆಲೆ ತಿಳಿಯಬೇಕಾದರೆ ವಿಚಾರಣೆಯತ್ತ ನೋಡಬೇಕು. ಒಬ್ಬರಿಗೆ ಒಪ್ಪಿಗೆಯಿಲ್ಲದ ವಿಚ್ಛೇದನದಲ್ಲಿ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಬೀತು ಮಾಡಬೇಕು. ಅದಕ್ಕಾಗಿ ಮಲಗುವ ಕೋಣೆಯ ಮಾತುಗಳೂ ಅರ್ಜಿಯೊಳಗೆ ಬರುತ್ತವೆ. ಅತ್ತೆ, ಮಾವ, ಅಣ್ಣ, ನಾದಿನಿ ಎಲ್ಲರೂ ಸಾಕ್ಷಿಗಳಾಗುತ್ತಾರೆ. ಪಾಟೀಸವಾಲಿನಲ್ಲಿ ಕೇಳಿಸಿಕೊಂಡ ಒಂದು ಮಾತು ಜೀವಮಾನವಿಡೀ ಚುಚ್ಚುತ್ತದೆ. ಹಾಗೆ ಪರಸ್ಪರ ಕಿತ್ತಾಡಿಕೊಂಡ ಇಬ್ಬರು ಡಿಕ್ರಿ ಸಿಕ್ಕ ಮೇಲೂ ಮಗುವಿನ ಶಾಲೆಯ ಗೇಟಿನ ಬಳಿ ಭೇಟಿಯಾಗಲೇಬೇಕು.

ಮಗುವಿನ ವಿಷಯಕ್ಕೇ ಮಧ್ಯಸ್ಥಿಕೆಯ ಹೆಚ್ಚಿನ ಸಮಯ ಕೊಡಿ. 'ತಂದೆ ಸೂಕ್ತ ಸಮಯದಲ್ಲಿ ಮಗುವನ್ನು ನೋಡಬಹುದು' ಎಂಬಂಥ ಸಾಲು ಒಪ್ಪಂದದಲ್ಲಿದ್ದರೆ ಮುಂದಿನ ಜಗಳಕ್ಕೆ ಅದೇ ಬೀಜ. ಯಾವ ಶನಿವಾರ, ಎಷ್ಟು ಗಂಟೆಗೆ, ಯಾರು ಕರೆತರಬೇಕು, ಎಲ್ಲಿ ಒಪ್ಪಿಸಬೇಕು ಎಂದು ಬರೆಸಿ. ದಸರಾ ರಜೆಯಲ್ಲಿ ಎಷ್ಟು ದಿನ ಯಾರ ಬಳಿ, ಬೇಸಿಗೆ ರಜೆಯಲ್ಲಿ ಎಷ್ಟು, ದೀಪಾವಳಿ ಈ ವರ್ಷ ಯಾರ ಮನೆಯಲ್ಲಿ, ಅಜ್ಜಿ ತಾತನನ್ನು ನೋಡುವುದು ಯಾವಾಗ, ಇವೂ ಇರಲಿ. ಪಾಸ್‌ಪೋರ್ಟ್ ಅರ್ಜಿಗೆ ಯಾರು ಸಹಿ ಹಾಕಬೇಕು? ಜ್ವರ ಬಂದು ಆಸ್ಪತ್ರೆಗೆ ಸೇರಿಸಿದರೆ ಇನ್ನೊಬ್ಬರಿಗೆ ಎಷ್ಟು ಹೊತ್ತಿನೊಳಗೆ ತಿಳಿಸಬೇಕು? ತಾಯಿಗೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ವರ್ಗವಾದರೆ, ತಂದೆ ಕೆಲಸಕ್ಕೆಂದು ಹೊರದೇಶಕ್ಕೆ ಹೋದರೆ ಭೇಟಿ, ವಿಡಿಯೊ ಕರೆ ಹೇಗೆ? ಹತ್ತಾರು ಪ್ರಕರಣಗಳು ಕಾದಿರುವ ದಿನ ನ್ಯಾಯಾಧೀಶರಿಗೆ ಇಷ್ಟು ಸೂಕ್ಷ್ಮಕ್ಕೆ ಇಳಿಯಲು ಪುರುಸೊತ್ತು ಎಲ್ಲಿ? ಆ ಮಗುವಿನ ನಿದ್ದೆ, ಊಟ, ಹಟ, ಭಯ ಬಲ್ಲವರು ತಂದೆತಾಯಿ ಮಾತ್ರ. ಮಗುವಿನ ಮುಂದೆ ಇನ್ನೊಬ್ಬರನ್ನು ಹೀಗಳೆಯುವುದಿಲ್ಲ ಎಂಬುದನ್ನೂ ಬರೆಸಿಕೊಳ್ಳಿ. ಅದನ್ನು ಮೀರಿದರೆ ಸಾಬೀತು ಮಾಡುವುದು ಕಷ್ಟ, ನಿಜ. ಆದರೂ ಸಹಿ ಹಾಕಿದ ಮಾತು ನಾಲಗೆಯನ್ನು ಎಷ್ಟೋ ಬಾರಿ ಹಿಡಿಯುತ್ತದೆ.

ಹಣದ ಮಾತು ಬಂದಾಗ ಬರಿಗೈಯಲ್ಲಿ ಹೋಗಬೇಡಿ. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ನಿರ್ದೇಶಿಸಿದೆ. ಮಧ್ಯಸ್ಥಿಕೆಯಲ್ಲೂ ಅದನ್ನು ಮುಂದಿಟ್ಟುಕೊಂಡೇ ಲೆಕ್ಕ ಹಾಕಿ. ಮದುವೆಯಲ್ಲಿ ತವರಿನವರು ಕೊಟ್ಟ ಒಡವೆಗಳ ಪಟ್ಟಿ, ಫೋಟೊ, ಬಿಲ್ಲು ಜೊತೆಗಿರಲಿ. ಸ್ತ್ರೀಧನ ಹೆಂಡತಿಯದೇ ಸ್ವತ್ತು. ಅದನ್ನು ಹಿಂದಿರುಗಿಸಿದ ಮಾತ್ರಕ್ಕೆ ಜೀವನಾಂಶ ಕೊಟ್ಟಂತಾಗುವುದಿಲ್ಲ. ಮನೆ ಸಾಲ ಇಬ್ಬರ ಹೆಸರಿನಲ್ಲಿದ್ದರೆ ಬ್ಯಾಂಕು ನಿಮ್ಮ ವಿಚ್ಛೇದನವನ್ನು ಲೆಕ್ಕಕ್ಕಿಡುವುದಿಲ್ಲ. ಕಂತು ತಪ್ಪಿದರೆ ಇಬ್ಬರನ್ನೂ ಕೇಳುತ್ತದೆ. 'ಮಗುವಿಗೆ ಏನೂ ಬೇಡ, ಡಿವೋರ್ಸ್ ಕೊಟ್ಟರೆ ಸಾಕು' ಎಂದು ಬೇಸತ್ತ ತಾಯಂದಿರು ಸಹಿ ಹಾಕಿಬಿಡುತ್ತಾರೆ. ತಂದೆಯಿಂದ ಪೋಷಣೆ ಪಡೆಯುವ ಹಕ್ಕು ಮಗುವಿನದು. ಅದನ್ನು ತಾಯಿ ಬಿಟ್ಟುಕೊಡಲು ಬರುವುದಿಲ್ಲ, ತಂದೆಯೂ ಹಾಗೆ ಬರೆಸಿಕೊಳ್ಳಬಾರದು.

ಎಲ್ಲವೂ ಒಪ್ಪಿತವಾದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಅಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹೋಗಬಹುದು. ಬೇರೆ ಧರ್ಮದವರಿಗೆ, ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಅವರವರ ಕಾನೂನು ಅನ್ವಯಿಸುತ್ತದೆ. 13ಬಿ ಪ್ರಕಾರ ಒಂದು ವರ್ಷ ಬೇರೆಯಿದ್ದು ಅರ್ಜಿ ಹಾಕಿ, ಆರು ತಿಂಗಳ ಬಳಿಕ ಮತ್ತೆ ಹಾಜರಾಗಿ ಒಪ್ಪಿಗೆ ಖಚಿತಪಡಿಸಬೇಕು. ಅರ್ಜಿಗೆ ಮುನ್ನವೇ ಒಂದೂವರೆ ವರ್ಷ ಬೇರೆಯಿದ್ದು, ಜೀವನಾಂಶ ಮತ್ತು ಮಗುವಿನ ವಿಷಯ ಪ್ರಾಮಾಣಿಕವಾಗಿ ಇತ್ಯರ್ಥವಾಗಿದ್ದರೆ ಆ ಆರು ತಿಂಗಳನ್ನು ನ್ಯಾಯಾಲಯ ಮನ್ನಾ ಮಾಡಬಹುದು ಎಂದು 2017ರ ತೀರ್ಪು ಹೇಳುತ್ತದೆ. ಡಿಕ್ರಿಗೆ ಮುನ್ನ ಒಬ್ಬರು ಒಪ್ಪಿಗೆ ಹಿಂತೆಗೆದುಕೊಳ್ಳುವ ಸಾಧ್ಯತೆ ಇದ್ದೇ ಇರುವುದರಿಂದ, ಹಣವನ್ನು ಒಂದೇ ಸಲಕ್ಕೆ ಕೊಡದೆ ಹಂತಗಳಿಗೆ ಕಟ್ಟಿಹಾಕುವುದು ರೂಢಿ: ಇಷ್ಟು ಅರ್ಜಿಯ ದಿನ, ಉಳಿದದ್ದು ಅಂತಿಮ ಹೇಳಿಕೆಯ ದಿನ. ವರದಕ್ಷಿಣೆ ಕಿರುಕುಳದ ಕ್ರಿಮಿನಲ್ ಕೇಸು ಬಾಕಿಯಿದ್ದರೆ ಅದು ಈ ಒಪ್ಪಂದದಿಂದ ತಾನಾಗಿ ಹೋಗುವುದಿಲ್ಲ. ಅದನ್ನು ರದ್ದುಪಡಿಸಲು ಹೈಕೋರ್ಟಿಗೆ ಪ್ರತ್ಯೇಕ ಅರ್ಜಿ ಬೇಕು. ಯಾರು, ಯಾವಾಗ ಸಹಕರಿಸಬೇಕೆಂಬುದೂ ಒಪ್ಪಂದದಲ್ಲಿರಲಿ.

ಹೊಡೆತ ತಿಂದು ಮನೆ ಬಿಟ್ಟು ಬಂದವಳನ್ನು ಹೊಡೆದವನ ಎದುರು ಕೂರಿಸಿ 'ಮುಕ್ತವಾಗಿ ಮಾತಾಡಿ' ಎನ್ನುವುದು ನ್ಯಾಯವಲ್ಲ. ಹೆದರಿದವರು ಕೊಡುವ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಅಂಥವರು ಮೊದಲು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ರಕ್ಷಣಾ ಆದೇಶ ಪಡೆಯಲಿ. ಮಾತುಕತೆಗೆ ಹೋದರೂ ಪ್ರತ್ಯೇಕ ಕೋಣೆ ಕೇಳಲಿ, ವಕೀಲರನ್ನು ಜೊತೆಗೆ ಕರೆದೊಯ್ಯಲಿ. ಬೇಡವೆನಿಸಿದ ಕ್ಷಣ ಎದ್ದು ಬರಬಹುದು. ಪ್ರಕರಣ ನ್ಯಾಯಾಧೀಶರ ಮುಂದೆ ಇದ್ದೇ ಇರುತ್ತದೆ. ಹಾಗೆ ಎದ್ದು ಬಂದರೆಂದು ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ.

ಒಪ್ಪಂದ ಪತ್ರ ಎಷ್ಟೋ ಸಲ ಇಂಗ್ಲಿಷಿನಲ್ಲಿ ಟೈಪಾಗಿ ಬರುತ್ತದೆ. ಸಾಲುಸಾಲಾಗಿ ಕನ್ನಡದಲ್ಲಿ ಓದಿ ಹೇಳುವಂತೆ ಕೇಳಿ. ಅನುಮಾನವಿದ್ದರೆ ಅಂದೇ ಸಹಿ ಹಾಕದೆ ಇನ್ನೊಂದು ದಿನಾಂಕ ಕೇಳಿ, ಪ್ರತಿಯನ್ನು ಮನೆಗೆ ಒಯ್ದು ನಿಮ್ಮ ವಕೀಲರೊಂದಿಗೆ ಕೂತು ಓದಿ.