ಓದುವ ಮಕ್ಕಳಿಗೆ ಶಾಲಲ್ಲ, ಮೇಜು ಬೇಕು

ಹತ್ತನೆಯ, ಹನ್ನೆರಡನೆಯ ತರಗತಿಗಳ ಫಲಿತಾಂಶ ಬಂದದ್ದೇ ತಡ, ಮುಂಬಯಿಯ ಕನ್ನಡ ಸಂಘಗಳಲ್ಲಿ ಪ್ರತಿಭಾ ಪುರಸ್ಕಾರದ ಸುಗ್ಗಿ ಆರಂಭವಾಗುತ್ತದೆ. ವೇದಿಕೆಯ ತುಂಬ ಗಣ್ಯರು, ಅಷ್ಟೇ ಸಂಖ್ಯೆಯ ಹಾರಗಳು, ಕೆಳಗೆ ಶೇ. 90 ದಾಟಿದ ಮಕ್ಕಳ ಸಾಲು. ಲಕೋಟೆ, ಶಾಲು, ಛಾಯಾಚಿತ್ರ, ಊಟ. ದಾನಿಗಳ ಔದಾರ್ಯವನ್ನು ನಾವು ಪ್ರಶ್ನಿಸುತ್ತಿಲ್ಲ. ಆದರೆ ಈ ಮಗು ಎಲ್ಲಿ ಕುಳಿತು ಓದಿತು ಎಂದು ಆ ವೇದಿಕೆಯಿಂದ ಯಾರಾದರೂ ಕೇಳಿದ್ದನ್ನು ನಾವು ಕಂಡಿಲ್ಲ.

ಈ ನಗರದಲ್ಲಿ ಓದುವವರಿಗೆ ಮೊದಲು ಕೊರತೆಯಾಗುವುದು ಜಾಗ. ಕೊಳೆಗೇರಿ ಪುನರ್ವಸತಿ ಯೋಜನೆಯ ಮನೆ ಹಿಂದೆ 225 ಚದರಡಿ ಇತ್ತು, ಬಳಿಕ 269 ಆಯಿತು, ಈಗ 300. ಹಳೆಯ ಚಾಳುಗಳ ಎಷ್ಟೋ ಖೋಲಿಗಳು ಅದಕ್ಕಿಂತಲೂ ಚಿಕ್ಕವು. ಅಷ್ಟರೊಳಗೇ ಅಡುಗೆ, ಟಿ.ವಿ., ಹಾಸಿಗೆ ಹಿಡಿದ ಅಜ್ಜಿ, ರಾತ್ರಿಪಾಳಿ ಮುಗಿಸಿ ಹಗಲು ಮಲಗುವ ಅಪ್ಪ. ಕಲಿಯಲೆಂದು ಊರಿನಿಂದ ಬಂದವರ ಪಾಡು ಇನ್ನೊಂದು ಬಗೆ. ಅವರಲ್ಲಿ ಹಲವರು ಬಾಡಿಗೆ ತೆರುವುದು ಒಂದು ಮಂಚಕ್ಕೆ. 'ಕಾಟ್ ಬೇಸಿಸ್' ಎಂಬ ಮಾತು ಮುಂಬಯಿಯಲ್ಲಿ ಕಾಲಿಟ್ಟ ಮರುದಿನವೇ ಕಿವಿಗೆ ಬೀಳುತ್ತದೆ. ಮಂಚದ ಮೇಲೆ ಮಲಗಬಹುದು, ನಕ್ಷೆ ಬರೆಯಲಾಗದು. ಬಾಡಿಗೆಗೆ ಅಂಜಿ ವಿರಾರಿಗೆ ಹೋದರೆ ಚರ್ಚ್‌ಗೇಟ್ ಸುಮಾರು 60 ಕಿಲೋಮೀಟರು ದೂರ. ಸಂಜೆಯ ವಿರಾರ್ ಫಾಸ್ಟಿನಲ್ಲಿ ಪುಸ್ತಕ ತೆರೆಯುವುದಿರಲಿ, ಜೇಬಿನವರೆಗೆ ಕೈ ಒಯ್ಯುವುದೇ ಸಾಹಸ.

ಸಂಕಟ ಹೊಸದೇನಲ್ಲ. ಪರೇಲಿನ ಡಬಕ್ ಚಾಳಿನ ಒಂದೇ ಖೋಲಿಯಲ್ಲಿ ಅಂಬೇಡ್ಕರರ ಕುಟುಂಬವಿದ್ದಾಗ, ತಂದೆ ರಾಮಜಿ ನಡುರಾತ್ರಿ ಎರಡರವರೆಗೆ ಎಚ್ಚರವಿದ್ದು, ಮಗನನ್ನು ಓದಲು ಎಬ್ಬಿಸಿದ ಮೇಲೆ ತಾವು ಮಲಗುತ್ತಿದ್ದರು. ಹಗಲಿನಲ್ಲಿ ಆ ಹುಡುಗ ಓದಲು ಹೋಗುತ್ತಿದ್ದದ್ದು ಚರ್ನಿ ರೋಡಿನ ಉದ್ಯಾನಕ್ಕೆ. ಕೇಳುಸ್ಕರ್ ಗುರೂಜಿಯವರ ಕಣ್ಣಿಗೆ ಬಿದ್ದದ್ದೂ ಅಲ್ಲಿಯೇ. ಅವರೇ 1946ರಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದಾಗ, ದುಡಿಯುವವರೂ ಕಲಿಯಲೆಂದು ತರಗತಿಗಳನ್ನು ಬೆಳಗಿನ ಹೊತ್ತಿಗೆ ಇಟ್ಟರು. ಈ ನಗರ ವಿದ್ಯಾರ್ಥಿಯಿಂದ ಏನನ್ನು ಕಸಿಯುತ್ತದೆಂದು ಅವರಿಗೆ ಗೊತ್ತಿತ್ತು.

ನಮ್ಮ ಹಿರಿಯರಿಗೂ ಗೊತ್ತಿತ್ತು. ಕರಾವಳಿಯಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದು, ಸಂಜೆ ಫೋರ್ಟ್ ಪರಿಸರದ ಕನ್ನಡ ರಾತ್ರಿಶಾಲೆಗಳಲ್ಲಿ ಕುಳಿತು ಮೆಟ್ರಿಕ್ ಮುಗಿಸಿದರು. ಅಲ್ಲಿ ಸಿಗುತ್ತಿದ್ದದ್ದು ಒಂದು ಬೆಂಚು, ಒಂದು ದೀಪ, ದಣಿದು ಬಂದ ಒಬ್ಬ ಮೇಷ್ಟ್ರು. ಇಂದಿನ ವೇದಿಕೆಗಳಲ್ಲಿ ಹಾರ ಹಾಕಿಸಿಕೊಳ್ಳುವವರಲ್ಲಿ ಆ ಬೆಂಚಿನಿಂದ ಎದ್ದು ಬಂದವರೂ ಇದ್ದಾರೆ. ಅವರಿಗೆ ಇದನ್ನು ನೆನಪಿಸಬೇಕಾಗಿರುವುದೇ ಸೋಜಿಗ.

ಈಗ ಸಂಘಗಳಿಗೆ ಸ್ವಂತ ಸಭಾಗೃಹಗಳಿವೆ. ಕೆಲವಕ್ಕೆ ಹವಾನಿಯಂತ್ರಣವೂ ಉಂಟು. ಮದುವೆ, ಯಕ್ಷಗಾನ, ವಾರ್ಷಿಕೋತ್ಸವ ಬಿಟ್ಟರೆ ವಾರದ ನಡುವಿನ ಸಂಜೆಗಳಲ್ಲಿ ಬಾಗಿಲಿಗೆ ಬೀಗ. ಒಳಗೆ ನೂರಾರು ಕುರ್ಚಿಗಳು ಒಂದರ ಮೇಲೊಂದು ಏರಿ ನಿಂತಿರುತ್ತವೆ. ಪಕ್ಕದ ಕಪಾಟಿನಲ್ಲಿ ಕನ್ನಡ ಪುಸ್ತಕಗಳೂ ಬೀಗದೊಳಗೇ. ಮರಾಠಿ ನೆರೆಹೊರೆಯವರಲ್ಲಿ ಇಂಥ ಓದುವ ಕೋಣೆಗೆ 'ಅಭ್ಯಾಸಿಕಾ' ಎಂಬ ಹೆಸರೇ ಇದೆ. ಪುಣೆಯ ಸದಾಶಿವ ಪೇಠೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರು ತಿಂಗಳ ಶುಲ್ಕ ತೆತ್ತು ಅಲ್ಲೊಂದು ಕುರ್ಚಿ ಹಿಡಿಯುತ್ತಾರೆ.

'ನಮ್ಮ ಹುಡುಗರು ಸಂಘಕ್ಕೆ ಬರುವುದಿಲ್ಲ' ಎಂಬ ಗೊಣಗಾಟವನ್ನು ಕೇಳಿ ಕೇಳಿ ನಮಗೆ ಸಾಕಾಗಿದೆ. ಎರಡು ತಾಸಿನ ಸ್ವಾಗತ ಭಾಷಣಕ್ಕೆ ಅವರೇಕೆ ಬರಬೇಕು? ಬಂದರೂ ಅವರು ಓದುವುದು ಇಂಗ್ಲಿಷ್ ಪಠ್ಯವನ್ನೇ, ಅದರಿಂದ ಕನ್ನಡಕ್ಕೇನು ಲಾಭ ಎಂಬುದು ಇನ್ನೊಂದು ಆಕ್ಷೇಪ. ಓದಲಿ. ಲೆಕ್ಕಶಾಸ್ತ್ರ ಓದಿ ಬೇಸತ್ತ ಹುಡುಗಿ ಎದ್ದು ಕಪಾಟಿನತ್ತ ನಡೆದಾಗ ಯಶವಂತ ಚಿತ್ತಾಲರ 'ಶಿಕಾರಿ' ಕೈಗೆ ಎಟಕುವಂತಿದ್ದರೆ ಸಾಕು. ತಾನು ದಿನವೂ ಹಾದುಹೋಗುವ ನಗರ ಕನ್ನಡದಲ್ಲಿದೆಯೆಂದು ಅವಳಿಗೆ ತಿಳಿಯುತ್ತದೆ. ಕಪಾಟು ಮಾತ್ರ ತೆರೆದಿರಬೇಕು. ಇನ್ನು ವಿದ್ಯುತ್ ಬಿಲ್ಲು, ಕಾವಲುಗಾರನ ಸಂಬಳದ ಮಾತು: ಒಂದು ವಾರ್ಷಿಕೋತ್ಸವದ ಹಾರ, ಶಾಲು, ಸ್ಮರಣಿಕೆಗಳ ಖರ್ಚನ್ನು ಕೋಶಾಧಿಕಾರಿಗಳು ಒಮ್ಮೆ ಕೂಡಿಸಿ ನೋಡಲಿ.

ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ 'ಅಧ್ಯಕ್ಷರ ಅನುಮತಿಯ ಮೇರೆಗೆ ಇತರ ವಿಷಯಗಳು' ಎಂಬ ಕೊನೆಯ ಸಾಲು ಇದ್ದೇ ಇರುತ್ತದೆ. ಈ ಬಾರಿ ಅದರಡಿಯಲ್ಲಿ ನಾವು ಇದನ್ನು ಎತ್ತಲಿದ್ದೇವೆ: ವಾರಕ್ಕೆ ಐದು ದಿನ, ಸಂಜೆ 6ರಿಂದ ರಾತ್ರಿ 11ರವರೆಗೆ. ಬೀಗದ ಕೈ ಯಾರ ಬಳಿ ಇರಬೇಕೆಂಬುದನ್ನು ಅಲ್ಲಿಯೇ ತೀರ್ಮಾನಿಸೋಣ.