ಹೊಳೆ ನಮ್ಮೂರದು, ಬಾಕಿಯೂ ನಮ್ಮೂರದೇ!



ನಿಮ್ಮ ಗ್ರಾಮ ಪಂಚಾಯಿತಿಗೆ ಹೋಗಿ ಎರಡು ಲೆಕ್ಕ ಕೇಳಿ. ಬೀದಿದೀಪಕ್ಕೆ, ಕುಡಿಯುವ ನೀರಿನ ಮೋಟಾರಿಗೆ ಎಸ್ಕಾಂಗೆ ಕಟ್ಟಬೇಕಾದ ಬಾಕಿ ಎಷ್ಟು? ಲಕ್ಷಗಟ್ಟಲೆ ಬಾಕಿ ಹೊತ್ತ ಪಂಚಾಯಿತಿಗಳು ಈ ರಾಜ್ಯದಲ್ಲಿ ಬೇಕಾದಷ್ಟಿವೆ. ಇನ್ನೊಂದು ಲೆಕ್ಕ: ನಿಮ್ಮ ಸರಹದ್ದಿನ ಹೊಳೆಯಿಂದ ಯಾವುದಾದರೂ ಕಂಪನಿ ಕರೆಂಟು ತೆಗೆಯುತ್ತಿದ್ದರೆ, ಅದರಲ್ಲಿ ಊರಿನ ಪಾಲು ಎಷ್ಟು? ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೊಟ್ಟವನು ಕೋಡಂಗಿ, ಇಸಗೊಂಡವನು ಈರಭದ್ರ ಅನ್ನೋದು ಇದಕ್ಕೇ.

ಹೊಳೆಯ ಕರೆಂಟು ಸ್ಥಳೀಯ ಸಂಸ್ಥೆಗಳ ಕೈಲಾಗದ ಕೆಲಸ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 1897ರಲ್ಲೇ ಡಾರ್ಜಿಲಿಂಗ್ ಪುರಸಭೆ, ಊರಿನ ಕೆಳಗಿನ ಸಿದ್ರಾಪೊಂಗ್‌ನಲ್ಲಿ ಬೆಟ್ಟದ ಝರಿ ನೀರಿಗೆ 65 ಕಿಲೋವಾಟಿನ ಎರಡು ಯಂತ್ರ ಕೂರಿಸಿ ಬೀದಿಗೆ ದೀಪ ಹಚ್ಚಿತು. ಒಟ್ಟು 130 ಕಿಲೋವಾಟ್. ಊರಿನ ನೀರು, ಊರಿನ ದೀಪ!

ನಮ್ಮಲ್ಲಿ ಆದದ್ದೇನು? 1902ರಲ್ಲಿ ಶಿವನಸಮುದ್ರದ ಕರೆಂಟು 147 ಕಿಲೋಮೀಟರ್ ಓಡಿ ಕೋಲಾರದ ಚಿನ್ನದ ಗಣಿ ಸೇರಿತು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ತಂತಿಯ ಕೆಳಗಿನ ಹಳ್ಳಿಗಳು ದಶಕಗಟ್ಟಲೆ ಬುಡ್ಡಿದೀಪದಲ್ಲೇ ಕೂತವು. ದೀಪದ ಬುಡದಲ್ಲಿ ಕತ್ತಲೆ ಅನ್ನುವ ಗಾದೆ ಸರ್ಕಾರದ ನೀತಿಯೇ ಆಗಿಹೋಯಿತು.

ಈಗಲೂ ಹಾದಿ ಅದೇ. ಸರ್ಕಾರದ ಭಾಷೆಯಲ್ಲಿ 25 ಮೆಗಾವಾಟ್‌ವರೆಗೂ ‘ಕಿರು’ ಜಲವಿದ್ಯುತ್ತೇ. ಸಿದ್ರಾಪೊಂಗ್‌ನಂಥ 190 ಸ್ಥಾವರ ಸೇರಿದರೂ ಅಷ್ಟಾಗದು. 25 ಮೆಗಾವಾಟ್‌ಗಿಂತ ಒಂದು ಕೂದಲೆಳೆ ಕಡಿಮೆ ತೋರಿಸಿದರೆ ಸಾಕು, 2006ರ ಪರಿಸರ ಅಧಿಸೂಚನೆಯ ಅನುಮತಿಯೂ ಬೇಡ, ಜನರ ಅಹವಾಲು ಸಭೆಯೂ ಬೇಡ. ಹೆಸರು ಕಿರು, ಹೊಟ್ಟೆ ಹಿರಿದು!

ನಿಜವಾದ ಕಿರು ಯಾವುದು? ಸೆಕೆಂಡಿಗೆ 100 ಲೀಟರ್ ನೀರು 20 ಮೀಟರ್ ಎತ್ತರದಿಂದ ಕೊಳವೆಯಲ್ಲಿ ಇಳಿದರೆ, ನಷ್ಟ ಕಳೆದು ಸುಮಾರು 12 ಕಿಲೋವಾಟ್ ಸಿಗುತ್ತದೆ. 30 ವಾಟಿನ 400 ಬೀದಿದೀಪ ಉರಿಸಬಹುದು. ಇದಕ್ಕೆ ಅಣೆಕಟ್ಟು ಬೇಡ, ಮುಳುಗಡೆ ಬೇಡ. ಯಂತ್ರ ತಿರುಗಿಸಿದ ನೀರು ಮತ್ತೆ ಹಳ್ಳಕ್ಕೇ. ಮಲೆನಾಡಿನ ಎಷ್ಟೋ ರೈತರು ತೋಟದ ಹಳ್ಳಕ್ಕೆ ಪುಟ್ಟ ಯಂತ್ರ ಹಾಕಿ ಮನೆದೀಪ ಉರಿಸುತ್ತಿದ್ದಾರೆ. ಒಬ್ಬ ರೈತನ ಕೈಲಾದದ್ದು ಪಂಚಾಯಿತಿ ಕೈಲಾಗದೇ?

“ಬೇಸಿಗೆಯಲ್ಲಿ ಹಳ್ಳ ಬತ್ತುತ್ತಲ್ಲ ಸ್ವಾಮಿ?” ಅಂತೀರಿ. ಬತ್ತುತ್ತೆ, ನಿಜ. ಬಯಲುಸೀಮೆಯಲ್ಲಿ ಇದು ನಡೆಯೋದೂ ಇಲ್ಲ. ಅದಕ್ಕೇ ಹೇಳೋದು: ಮಳೆಗಾಲದಲ್ಲಿ ಮಿಕ್ಕ ಕರೆಂಟನ್ನು ಎಸ್ಕಾಂ ತಗೊಳ್ಳಲಿ, ಬೇಸಿಗೆಯಲ್ಲಿ ಊರು ಬಳಸಿದ್ದಕ್ಕೆ ವಜಾ ಹಾಕಲಿ. ಕಂಪನಿಯಿಂದ ಕೊಳ್ಳಲು ಬರುತ್ತೆ, ಪಂಚಾಯಿತಿಯಿಂದ ಕೊಳ್ಳಲು ಯಾಕೆ ಬರೋದಿಲ್ಲ?

ಕಾನೂನೂ ಅಡ್ಡ ಬರುವುದಿಲ್ಲ. 2003ರ ವಿದ್ಯುತ್ ಕಾಯಿದೆಯಲ್ಲಿ ಉತ್ಪಾದನೆಗೆ ಲೈಸೆನ್ಸ್ ಬೇಕಿಲ್ಲ. ಹಳ್ಳಿಯ ವಿತರಣೆಯನ್ನು ಪಂಚಾಯಿತಿ, ಸಹಕಾರ ಸಂಘಗಳ ಮೂಲಕ ನಡೆಸುವ ಮಾತು ಅದರ 5ನೇ ಸೆಕ್ಷನ್ನಿನಲ್ಲೇ ಇದೆ. ನಮ್ಮ ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ 1969ರಲ್ಲೇ ಹುಟ್ಟಿ ಹಳ್ಳಿಗಳಿಗೆ ಕರೆಂಟು ಹಂಚುತ್ತಿದೆ. ದೂರದ ನಾರ್ವೆಯಲ್ಲಂತೂ ದೊಡ್ಡ ಜಲವಿದ್ಯುತ್ ಯೋಜನೆಗಳು ಉತ್ಪಾದನೆಯ ಶೇ. 10ರವರೆಗೆ ಆ ಭಾಗದ ಸ್ಥಳೀಯ ಸಂಸ್ಥೆಗಳಿಗೆ ಅಗ್ಗದ ದರದಲ್ಲಿ ಕೊಡಲೇಬೇಕು. ಅಲ್ಲಿ ಅದು ಹಕ್ಕು. ಇಲ್ಲಿ ಕೇಳಿದರೆ ತಕರಾರು!

ಆದ್ದರಿಂದ ಮುಂದಿನ ಗ್ರಾಮಸಭೆಯಲ್ಲಿ ಮೂರು ಠರಾವು ಬರೆಸಿ. ಒಂದು: ಊರಿನ ಹಳ್ಳ-ಹೊಳೆಯಲ್ಲಿ ಕರೆಂಟು ತೆಗೆಯುವ ಮೊದಲ ಹಕ್ಕು ಪಂಚಾಯಿತಿ, ಪುರಸಭೆಗಳದು. ಎರಡು: ಈಗಾಗಲೇ ಇರುವ ಕಂಪನಿಗಳು ಹತ್ತರಲ್ಲಿ ಒಂದು ಪಾಲು ಊರಿಗೆ ಕೊಡಬೇಕು. ಮೂರು: ಆ ಪಾಲು ಬರುವವರೆಗೆ ಹೊಳೆ ಕೊಟ್ಟ ಊರಿನ ಬೀದಿದೀಪದ ಫ್ಯೂಸ್ ಕೀಳಕೂಡದು.

ನಾವು ಭಿಕ್ಷೆ ಬೇಡುತ್ತಿಲ್ಲ, ಲೆಕ್ಕ ಕೇಳುತ್ತಿದ್ದೇವೆ. ಲೆಕ್ಕ ಸರಿಯಾಗಿ ಹಾಕಿದರೆ ಬಾಕಿ ಯಾರದು ಅನ್ನುವುದು ಆಗ ಗೊತ್ತಾಗುತ್ತದೆ.